ಸದ್ದು ಹುಡುಕುವ ಕೆಲಸ

ಮಾರ್ಚ್ ೪, ಮಂಗಳವಾರ

ಇವತ್ತು ಮ್ಯಾನೇಜರ್ ನಮ್ಮೆಲ್ಲರನ್ನೂ ಹೋಟೆಲಿನ ಅಡುಗೆಮನೆ ಮುಂದೆ ಸಾಲಾಗಿ ನಿಲ್ಲಿಸಿ ಭಾಷಣ ಬಿಗಿದರು. ಇನ್ನು ಒಂದು ತಿಂಗಳಲ್ಲಿ ಮೂರು ವಾರಾಂತ್ಯ ಇಲ್ಲಿ ಸಂಗೀತ ಶಿಬಿರವಂತೆ. ನಾಲ್ಕು ಜನ ವಾದ್ಯಗಾರರು, ಅವರನ್ನು ಕೇಳಲು ಮೂವತ್ತು ಜನ ಅತಿಥಿಗಳು. ಶುಕ್ರವಾರ ಬಂದಿಳಿದು ಭಾನುವಾರ ಹೊರಡುವುದು. ಬೆಳಿಗ್ಗೆ ಅಭ್ಯಾಸ ನೋಡುವುದು, ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಕೆರೆಯ ಸುತ್ತ ಅಡ್ಡಾಡುವುದು, ಸಂಜೆ ದೊಡ್ಡ ಹಾಲಿನಲ್ಲಿ ಕಛೇರಿ ಕೇಳುವುದು. ಮೈಕು, ಸ್ಪೀಕರು ಏನೂ ಇಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ಕಟ್ಟಡದ ಯಾವ ಮೂಲೆಯಲ್ಲೂ ಕಿರ್ ಎನ್ನಕೂಡದು, ಗುಂಯ್ ಎನ್ನಕೂಡದು. ಅಷ್ಟು ಹೇಳಿ ನನ್ನ ಕಡೆ ತಿರುಗಿ, ಅದು ನಿಮಗೆ ಬಿಟ್ಟಿದ್ದು ಎಂದರು.

ಇಲ್ಲಿ ರಿಪೇರಿ ವಿಭಾಗ ಎಂದರೆ ನಾನೊಬ್ಬನೇ. ಇಪ್ಪತ್ತಾರು ವರ್ಷದಿಂದ ಈ ಕಟ್ಟಡದ ಪಂಪು, ಪೈಪು, ಬಾಯ್ಲರುಗಳ ಜೊತೆ ಸಂಸಾರ ಮಾಡುತ್ತಿದ್ದೇನೆ. ನನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ. ಯಾರೋ ಬಂದು ಪಿಟೀಲು ಕುಯ್ಯುವುದಕ್ಕೆ ನಾನು ಬಾಗಿಲಿಗೆಲ್ಲ ಎಣ್ಣೆ ಹಾಕಬೇಕಂತೆ. ಹಾಕೋಣ.

ಸಂಜೆ ಮನೆಗೆ ಬರುವಷ್ಟರಲ್ಲಿ ಭಾವಮೈದನ ಫೋನು. ಅವನು ನನ್ನವಳ ತಮ್ಮ, ನಾಲ್ಕು ಗಂಟೆ ದಾರಿಯ ಪಟ್ಟಣದಲ್ಲಿದ್ದಾನೆ. ನಿಮ್ಮ ಜೊತೆಗಿರುವ ಅಮ್ಮ ನನ್ನ ಮನೆಗೆ ಬರುತ್ತೇನೆ ಎನ್ನುತ್ತಿದ್ದಾಳೆ, ಏಪ್ರಿಲ್ ಆರನೇ ತಾರೀಕು ಭಾನುವಾರ ಕಾರು ತಂದು ಕರೆದುಕೊಂಡು ಹೋಗುತ್ತೇನೆ ಎಂದ. ಎಷ್ಟು ದಿನಕ್ಕೆ ಎಂದು ಕೇಳಿದೆ. "ಇನ್ನು ಇಲ್ಲೇ ಭಾವ," ಎಂದ.

ಒಳ್ಳೆಯದೇ ಆಯಿತು. ಮಗಳೇ ಹೋದ ಮೇಲೆ ಅತ್ತೆಗೆ ಅಳಿಯನ ಮನೆಯಲ್ಲಿ ಏನು ಕೆಲಸ? ಹನ್ನೊಂದು ವರ್ಷ ಈ ಮನೆಯಲ್ಲಿ ಮೂವರಿದ್ದೆವು. ಜುಲೈನಿಂದ ಇಬ್ಬರು. ಹಾಗೆ ನೋಡಿದರೆ ಅವರಿಂದ ನನಗೆ ಯಾವ ತೊಂದರೆಯೂ ಇಲ್ಲ. ಮನೆಯಲ್ಲಿ ಇರುವುದೇ ಗೊತ್ತಾಗುವುದಿಲ್ಲ. ಹೋಟೆಲನ್ನು ಸುಮ್ಮನಾಗಿಸಲು ಎರಡು ದಿನ ಹೆಣಗಬೇಕು, ನಮ್ಮ ಮನೆ ಎಂಟು ತಿಂಗಳಿಂದ ತಾನಾಗಿಯೇ ತೆಪ್ಪಗಿದೆ.

ಮಾರ್ಚ್ ೬, ಗುರುವಾರ

ಎರಡು ದಿನ ಕಟ್ಟಡಕ್ಕೆ ಕಿವಿಗೊಟ್ಟು ತಿರುಗಿದೆ. ಮೂವತ್ತೇಳು ಸದ್ದು ಸಿಕ್ಕವು. ಹಾಲಿನ ನೆಲದಲ್ಲಿ ಒಂಬತ್ತು ಹಲಗೆ ಕಿರುಗುಟ್ಟುತ್ತಿದ್ದವು, ಕೆಳಗಿನಿಂದ ತೂರಿ ಒಂದೊಂದಕ್ಕೂ ಬೆಣೆ ಹೊಡೆದೆ. ಮೊಗಸಾಲೆಯ ದೊಡ್ಡ ಗಡಿಯಾರ ನಿಲ್ಲಿಸುವ ವ್ಯವಸ್ಥೆ ಮಾಡಿದೆ. ಮಹಡಿಯ ಹದಿನಾಲ್ಕನೇ ಕೋಣೆಯಲ್ಲಿ ನಲ್ಲಿ ತಿರುಗಿಸಿದರೆ ಕೆಳಗೆ ಹಾಲಿನ ಗೋಡೆಯೊಳಗೆ ಯಾರೋ ಮೂಗು ಸೀಟಿದ ಹಾಗೆ ಕೇಳುತ್ತದೆ. ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಆ ಕೋಣೆಯನ್ನು ಶಿಬಿರದ ದಿನ ಯಾರಿಗೂ ಕೊಡಬೇಡಿ ಎಂದು ಬರೆದುಕೊಟ್ಟೆ.

ಕಷ್ಟದ್ದು ಎಂದರೆ ಕೋಲ್ಡ್ ರೂಮು. ಅದರ ಮೋಟಾರಿನ ಗುಂಯ್‌ಗಾಟ ಗೋಡೆ ದಾಟಿ ಹಾಲಿಗೆ ಬರುತ್ತದೆ. ಕಛೇರಿಯ ಒಂದೂವರೆ ಗಂಟೆ ಅದನ್ನು ಆರಿಸಿಡಬಹುದು, ಕೆಡುವುದಿಲ್ಲ. ಆದರೆ ಮತ್ತೆ ಹಾಕಲು ಮರೆತರೆ ಹಾಲು, ಮಾಂಸ ಎಲ್ಲ ಹಾಳು, ನನ್ನ ಕಥೆಯೂ ಅಷ್ಟೇ. ಅದಕ್ಕೊಂದು ಉಪಾಯ ಹೂಡಿದ್ದೇನೆ. ಮೋಟಾರು ಆರಿಸಿದ ಕೂಡಲೇ ನನ್ನ ಸ್ಕೂಟರಿನ ಕೀ ಅದೇ ಕೋಲ್ಡ್ ರೂಮಿನೊಳಗೆ ಇಟ್ಟುಬಿಡುವುದು. ಕೀ ತೆಗೆಯದೆ ಮನೆಗೆ ಹೋಗುವ ಹಾಗಿಲ್ಲ, ಕೀ ತೆಗೆಯಲು ಹೋದರೆ ಸ್ವಿಚ್ಚು ಕಣ್ಣಿಗೆ ಬೀಳುತ್ತದೆ. ಇದನ್ನು ಅತ್ತೆಗೆ ಹೇಳಿದೆ. ತಲೆಯಾಡಿಸಿದರು. ಕಛೇರಿಯಲ್ಲಿ ಯಾರೂ ಕೆಮ್ಮುವ ಹಾಗೂ ಇಲ್ಲ ಎಂದೂ ಹೇಳಿದೆ. ಅದಕ್ಕೂ ತಲೆಯಾಡಿಸಿದರು.

ಮಾರ್ಚ್ ೭, ಶುಕ್ರವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಮಧ್ಯಾಹ್ನ ವಾದ್ಯಗಾರರು ಬಂದರು. ಇಬ್ಬರು ಪಿಟೀಲಿನವರು. ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ ಎನ್ನುವುದನ್ನು ಹಿಡಿದ ಒಬ್ಬ ಹೆಂಗಸು. ನಾಲ್ಕನೆಯವರು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯದವರು. ಅದಕ್ಕೆ ಚೆಲ್ಲೊ ಎನ್ನುತ್ತಾರೆ. ಆ ಮನುಷ್ಯನಿಗೆ ಅರವತ್ತು ದಾಟಿದೆ, ಹೊಟ್ಟೆಯೂ ವಾದ್ಯದಷ್ಟೇ ಇದೆ. ಮನಸ್ಸಿನಲ್ಲೇ 'ಗುಡಾಣ' ಎಂದು ಹೆಸರಿಟ್ಟೆ. ಈಗ ನಾಚಿಕೆಯಾಗುತ್ತಿದೆ.

ಮೂರು ಗಂಟೆಗೆ ಮ್ಯಾನೇಜರ್ ಓಡಿ ಬಂದರು. ಹಾಲಿನಲ್ಲಿ ಏನೋ ಜಿರ್ ಎನ್ನುತ್ತಿದೆಯಂತೆ. ಮೂವತ್ತೇಳನ್ನೂ ಮುಗಿಸಿದ್ದೇನೆ ಎಂದು ಹೇಳುತ್ತಲೇ ಹೋದೆ. ಚೆಲ್ಲೊದವರು ಒಬ್ಬರೇ ಕೂತಿದ್ದರು. ದಪ್ಪ ತಂತಿಯ ಮೇಲೆ ಕಮಾನು ಇಟ್ಟು ಒಂದು ಸ್ವರ ಎಳೆದರು. ಅದು ಕಿವಿಗೆ ಬರುವುದಕ್ಕೆ ಮೊದಲು ನನ್ನ ಅಂಗಾಲಿಗೆ ಬಂತು. ನಾನೇ ಬೆಣೆ ಹೊಡೆದ ಹಲಗೆಗಳ ಮೂಲಕ ಬಂತು. ಅದರ ಬೆನ್ನಿಗೇ ಎಲ್ಲೋ ಜಿರ್ ಎಂದಿತು.

ಅವರು ಆ ಒಂದೇ ಸ್ವರ ನುಡಿಸುತ್ತ ಹೋದರು, ನಾನು ಹಾಲಿನಲ್ಲಿ ಕಂಡದ್ದಕ್ಕೆಲ್ಲ ಅಂಗೈ ಇಟ್ಟು ನೋಡುತ್ತ ಹೋದೆ. ಗೋಡೆ, ದೀಪ, ಕುರ್ಚಿ, ಪರದೆಯ ಸರಳು. ಎಲ್ಲವೂ ನಡುಗುತ್ತಿದ್ದವು. ಇಪ್ಪತ್ತಾರು ವರ್ಷ ಒರೆಸಿ, ತಿಕ್ಕಿ, ಬಣ್ಣ ಬಳಿದ ಗೋಡೆ ನನ್ನ ಕೈಯೊಳಗೆ ಉಸಿರಾಡುತ್ತಿದೆ ಅನ್ನಿಸಿತು. ಮೂರನೇ ಕಿಟಕಿಯ ಗಾಜಿನ ಅಂಚಿನಲ್ಲಿ ಅದನ್ನು ಹಿಡಿದಿಡುವ ಪುಟ್ಟಿ ಉದುರಿತ್ತು, ಅದೊಂದು ಸಿಕ್ಕಿತು. ಮೂಲೆಯ ದೀಪದ ತಿರುಪು ಸಡಿಲವಿತ್ತು, ಅದೂ ಸಿಕ್ಕಿತು. ಆದರೂ ಜಿರ್ ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಆಗಿತ್ತು, ನಾನು ಬೆವತುಹೋಗಿದ್ದೆ. ಆಗ ಅವರು ಕಮಾನು ಎತ್ತಿ ನನ್ನ ಸೊಂಟದ ಕಡೆ ತೋರಿಸಿದರು.

"ನೀವು ಬರೋಕೆ ಮುಂಚೆ ಎರಡು ಸದ್ದಿತ್ತು. ಎರಡೂ ಹೋಯ್ತು. ಈಗ ಇರೋದು ನಿಮ್ಮ ಜೊತೆ ಬಂದಿದ್ದು."

ನನ್ನ ಕೀಗೊಂಚಲು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕೂಡ ನಕ್ಕರು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆ ಮನುಷ್ಯ ನುಡಿಸುತ್ತಿರುವಾಗಲೇ ಮೂರು ಜಿರ್‌ಗಳನ್ನು ಬೇರೆ ಬೇರೆಯಾಗಿ ಎಣಿಸಿಟ್ಟುಕೊಂಡಿದ್ದರು. ನನ್ನ ಕಿವಿಯ ಬಗ್ಗೆ ನನಗೆ ಬಹಳ ಗರ್ವವಿತ್ತು. ಅಷ್ಟು ಹೊತ್ತು ಒಂದನ್ನೇ ನುಡಿಸಲು ಬೇಜಾರಾಗಲಿಲ್ಲವೇ ಎಂದು ಕೇಳಿದೆ. ಒಂದು ಸಲವೂ ಅದು ಒಂದೇ ಥರ ಬರಲಿಲ್ಲವಲ್ಲ ಎಂದರು.

ಮನೆಗೆ ಬಂದು ಅತ್ತೆಗೆ ಹೇಳಬೇಕು ಎಂದುಕೊಂಡೆ. ಕೋಣೆಯ ಬಾಗಿಲು ಹಾಕಿತ್ತು.

ಮಾರ್ಚ್ ೮, ಶನಿವಾರ

ಹಾಲಿನ ಹಿಂಬಾಗಿಲ ಬಳಿ ನಿಂತು ಕೇಳಿದೆ. ಕೀಗೊಂಚಲು ಕೆಳಗೆ ಇಟ್ಟು ಹೋಗಿದ್ದೆ.

ನಾಲ್ವರಿಗೆ ಒಬ್ಬ ಮೇಸ್ತ್ರಿ ಇಲ್ಲ. ಒಂದು ಎರಡು ಮೂರು ಎನ್ನುವವರಿಲ್ಲ. ಮೊದಲ ಪಿಟೀಲಿನವರು ಮೂಗಿನಲ್ಲಿ ಒಮ್ಮೆ ಉಸಿರೆಳೆದುಕೊಂಡರು, ಅಷ್ಟೇ. ನಾಲ್ಕು ಕಮಾನೂ ಒಟ್ಟಿಗೆ ಇಳಿದವು. ಎರಡು ಪಂಪುಗಳನ್ನು ಒಂದೇ ಲಯದಲ್ಲಿ ಓಡಿಸಲು ನಾನು ನಾಲ್ಕು ವರ್ಷ ತಿಣುಕಿದ್ದೇನೆ. ಕಣ್ಣು ಕಣ್ಣು ಬಿಟ್ಟು ನೋಡಿದೆ.

ಆಮೇಲಿನದಕ್ಕೆ ನನ್ನ ಹತ್ತಿರ ಪದಗಳಿಲ್ಲ. ಒಬ್ಬರು ಏನೋ ಹೇಳಿದರೆ ಇನ್ನೊಬ್ಬರು ಅದನ್ನು ಅರ್ಧದಲ್ಲೇ ಎತ್ತಿಕೊಳ್ಳುತ್ತಿದ್ದರು, ಜಗಳವಾಡಿದರು, ರಾಜಿಯಾದರು, ಒಂದು ಕಡೆ ನಾಲ್ವರೂ ಸೇರಿ ಯಾವುದನ್ನೋ ಎತ್ತಿ ಕಿಟಕಿಯಾಚೆ ಕೆರೆಯವರೆಗೂ ಒಯ್ದರು. ಮುಗಿದಾಗ ಚಪ್ಪಾಳೆ ತಟ್ಟಬೇಕೆಂಬುದೂ ಯಾರಿಗೂ ಹೊಳೆಯಲಿಲ್ಲ. ಆ ಮೌನದಲ್ಲಿ ನನ್ನ ಕಟ್ಟಡ ಒಂದು ಚೂರೂ ಕಿರ್ ಎನ್ನಲಿಲ್ಲ. ಅದರಲ್ಲಿ ನನ್ನದೂ ಕೈಯಿದೆ ಎಂದು ಹೇಳಿಕೊಳ್ಳಬಹುದೋ ಏನೋ.

ಕೋಲ್ಡ್ ರೂಮಿನಿಂದ ಕೀ ತೆಗೆದಾಗ ಕೈ ಕೊರೆಯಿತು.

ಮಾರ್ಚ್ ೯, ಭಾನುವಾರ

ಕೊನೆಯ ದಿನ ಅತಿಥಿಗಳೂ ನುಡಿಸಬಹುದಂತೆ. ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ಪಿಟೀಲು ಹಿಡಿದು, ಒಬ್ಬ ಪಿಟೀಲಿನವರ ಜಾಗದಲ್ಲಿ, ಉಳಿದ ಮೂವರ ಜೊತೆ ಕೂತರು. ಒಂದು ನಿಮಿಷದಲ್ಲಿ ದಾರಿ ತಪ್ಪಿದರು. ಮುಖ ಹುಳ್ಳಗಾಯಿತು. ನಿಲ್ಲಿಸಿ ಬೈಯುತ್ತಾರೆ ಎಂದುಕೊಂಡೆ. ಯಾರೂ ನಿಲ್ಲಿಸಲಿಲ್ಲ. ಅವರು ನೋಡಿಕೊಂಡು ನುಡಿಸುವ ಸ್ವರದ ಹಾಳೆಗಳಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರ ಗುರುತು ಹಾಕಿರುತ್ತಾರಂತೆ. ವಿಯೋಲಾದ ಅಮ್ಮ ನುಡಿಸುತ್ತಲೇ ಮುಂದಿನ ಅಕ್ಷರ ಕೂಗಿ ಹೇಳಿದರು. ಡಾಕ್ಟರು ಪಿಟೀಲು ಎದೆಗೊತ್ತಿಕೊಂಡು ಕಾದರು, ಆ ಅಕ್ಷರ ಬಂದ ಕೂಡಲೇ ಹಾರಿ ಸೇರಿಕೊಂಡರು. ಹೀಗೆ ನಾಲ್ಕು ಸಲ. ಮುಗಿದಾಗ ಆ ಮನುಷ್ಯ ಕಣ್ಣೊರೆಸಿಕೊಳ್ಳುತ್ತಿದ್ದರು.

ಇದು ನನಗೆ ಭಾರಿ ಹಿಡಿಸಿತು. ರಿಪೇರಿ ಎಂದರೆ ಮೊದಲು ಮೆಷಿನ್ನು ನಿಲ್ಲಿಸು ಎಂದು ಕಲಿತವನು ನಾನು.

ಮಾರ್ಚ್ ೧೩, ಗುರುವಾರ

ಹೋಟೆಲಿನ ದೊಡ್ಡ ಹಾಲು ನೋಡಿದರೆ ಈಗ ಖಾಲಿ ಎನ್ನಿಸುತ್ತದೆ. ಮೊದಲು ಹಾಗೆ ಎನ್ನಿಸುತ್ತಿರಲಿಲ್ಲ.

ಬೆಳಿಗ್ಗೆ ಅತ್ತೆ ಬರಿಗಾಲಲ್ಲಿ ಅಡುಗೆಮನೆಯಲ್ಲಿ ನಿಂತಿದ್ದು ಕಂಡೆ. ನೆಲ ಥಂಡಿ ಹಿಡಿದಿತ್ತು. ಅವರ ಹಳೇ ಚಪ್ಪಲಿ ಸವೆದಿರಬೇಕು ಎಂದು ಸಂಜೆ ಬರುವಾಗ ಹೊಸ ಜೊತೆ ತಂದುಕೊಟ್ಟೆ. ಬಹಳ ಚೆನ್ನಾಗಿದೆ ಎಂದರು, ಪೆಟ್ಟಿಗೆ ಸಮೇತ ಕಪಾಟಿನಲ್ಲಿಟ್ಟರು, ಬರಿಗಾಲಲ್ಲೇ ಓಡಾಡಿದರು. ಒಂದು ಮಾತು ಕೇಳೋಣವೆಂದರೆ ಅಷ್ಟರಲ್ಲಿ ಕೋಣೆ ಸೇರಿಬಿಟ್ಟಿದ್ದರು. ಅವರು ಎದ್ದುಹೋದದ್ದು ಯಾವಾಗ ಎಂದೇ ತಿಳಿಯಲಿಲ್ಲ.

ಹೋಗುವವರಿಗೆ ನಾನು ಯಾಕೆ ಚಪ್ಪಲಿ ತಂದೆ?

ಮಾರ್ಚ್ ೧೮, ಮಂಗಳವಾರ

ಬಾಯ್ಲರ್ ತೊಳೆದೆ. ಮನೆಯಲ್ಲಿ ಊಟ ಬಡಿಸಿಟ್ಟಿತ್ತು. ಒಬ್ಬನೇ ಉಂಡೆ.

ಮಾರ್ಚ್ ೨೨, ಶನಿವಾರ

ಎರಡನೇ ಶಿಬಿರ. ಚೆಲ್ಲೊದವರು ನನ್ನನ್ನು ಕಂಡೊಡನೆ ಎರಡೂ ಕೈ ಎತ್ತಿ ಕೀಗೊಂಚಲು ಅಲ್ಲಾಡಿಸಿದ ಹಾಗೆ ಮಾಡಿದರು. ಬೆಳಿಗ್ಗೆ ಅಭ್ಯಾಸಕ್ಕೆ ಬಂದು ಕೂರಿ ಎಂದು ಅವರೇ ಕರೆದರು. ನೆಪಕ್ಕೆ ಒಂದು ಸ್ಕ್ರೂಡ್ರೈವರ್ ಹಿಡಿದು ಕೂತೆ.

ಇವತ್ತು ಅತಿಥಿಗಳಿಗೆ ಒಂದು ಪಾಠ ಮಾಡಿದರು. ನಿಧಾನದ ಒಂದು ಭಾಗವನ್ನು ಪೂರ್ತಿ ನುಡಿಸಿದರು. ಆಮೇಲೆ ಅದನ್ನೇ ವಿಯೋಲಾದ ಅಮ್ಮನನ್ನು ಬಿಟ್ಟು ಮೂವರೇ ನುಡಿಸಿದರು. ಆ ಅಮ್ಮ ನುಡಿಸುತ್ತಿದ್ದುದನ್ನು ನಾನು ಮೊದಲ ಸಲ ಗಮನಿಸಿಯೂ ಇರಲಿಲ್ಲ. ಮೇಲೆ ಪಿಟೀಲು ಹಾಡುತ್ತಿತ್ತು, ಕೆಳಗೆ ಚೆಲ್ಲೊ ನಡೆಯುತ್ತಿತ್ತು, ಮಧ್ಯದಲ್ಲಿ ಇವರದು ಒಂದೆರಡು ಸ್ವರ, ಹಿಂದೆ ಮುಂದೆ, ಮನೆಯಲ್ಲಿ ಯಾರೋ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುವ ಹಾಗೆ. ಅದು ಇಲ್ಲದೆ ನುಡಿಸಿದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಎಲ್ಲ ಸರಿಯಾಗಿಯೇ ಇತ್ತು, ಒಂದು ಸ್ವರವೂ ತಪ್ಪಿರಲಿಲ್ಲ, ಆದರೆ ಒಳಗೆ ಯಾರೂ ಇರಲಿಲ್ಲ. ಮೂವತ್ತು ಜನರೂ ಕುರ್ಚಿಯಲ್ಲಿ ಅಲ್ಲಾಡಿದರು. ಆ ಅಮ್ಮ ವಿಯೋಲಾವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ನನ್ನ ಆಯುಸ್ಸೆಲ್ಲ ಇರುವ ಸದ್ದನ್ನು ಹುಡುಕಿ ನಿಲ್ಲಿಸಿದ್ದೇನೆ. ಇಲ್ಲದ ಸದ್ದು ಕೇಳಿಸಿದ್ದು ಇದೇ ಮೊದಲು. ಸಂಜೆಯ ಕಛೇರಿಯಲ್ಲಿ ವಿಯೋಲಾ ಒಂದನ್ನೇ ಕೇಳುತ್ತ ನಿಂತೆ. ಎಷ್ಟೊಂದು ಹೇಳುತ್ತಾರೆ ಆ ಅಮ್ಮ.

ಮಾರ್ಚ್ ೨೪, ಸೋಮವಾರ

ವಾರದ ರಜೆ. ಅತ್ತೆ ಔಷಧಿ ತರಲು ಹೋಗಿದ್ದರು. ನಾನು ಮನೆಯಲ್ಲಿ ಕೂತು ಕೇಳಿದೆ. ಹೋಟೆಲಿನಲ್ಲಿ ಮಾಡುವ ಹಾಗೆಯೇ, ಕಣ್ಣು ಮುಚ್ಚಿ, ಕೋಣೆ ಕೋಣೆಯಾಗಿ.

ಏನೂ ಇರಲಿಲ್ಲ. ನನ್ನವಳು ಇದ್ದಾಗ ಈ ಮನೆಯಲ್ಲಿ ಏನೇನಿತ್ತು ಎಂದು ಯೋಚಿಸಿದೆ. ಅತ್ತೆಯ ರೇಡಿಯೋ ಇತ್ತು, ಐದು ಗಂಟೆಗೇ ಶುರು. ಅತ್ತೆ ಚಪ್ಪಲಿ ಎಳೆದುಕೊಂಡು ನಡೆಯುವುದಿತ್ತು. ಪಾತ್ರೆಗಳನ್ನು ಅವರು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು. ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಆ ಕಡೆಯವರಿಗೆ ಹಾಗೆಯೇ ಕೇಳಿಸೀತು ಎಂದು ನಾನೇ ರೇಗಿಸುತ್ತಿದ್ದೆ. ಇವೆಲ್ಲ ಎಲ್ಲಿ ಹೋದವು?

ಎದ್ದು ಹುಡುಕಿದೆ. ಪಾತ್ರೆ ಜೋಡಿಸುವ ಕಟ್ಟೆಯ ಮೇಲೆ ಹಳೆಯ ಕಂಬಳಿಯ ತುಂಡು ಹಾಸಿತ್ತು. ಮುಚ್ಚಳಗಳ ನಡುವೆ ಒಂದೊಂದು ಬಟ್ಟೆ. ಅವರ ಕೋಣೆಯ ಬಾಗಿಲ ಕೀಲುಗಳಿಗೆ ಯಾರೋ ಅಡುಗೆ ಎಣ್ಣೆ ಸವರಿದ್ದರು. ಡ್ರಾಯರುಗಳ ಅಂಚಿಗೆ ಮೇಣದಬತ್ತಿ ತಿಕ್ಕಿತ್ತು. ರೇಡಿಯೋದ ವಯರು ಕಿತ್ತು ಸುತ್ತಿ ಮೇಲಿಟ್ಟಿತ್ತು, ಮೇಲೆ ಧೂಳು. ಅಚ್ಚುಕಟ್ಟಾದ ಕೆಲಸ. ನನ್ನ ಕೆಲಸವನ್ನು ನನ್ನ ಮನೆಯಲ್ಲೇ ಯಾರೋ ನನಗಿಂತ ಚೆನ್ನಾಗಿ ಮಾಡಿದ್ದರು, ಎಪ್ಪತ್ನಾಲ್ಕು ವರ್ಷದ ಮುದುಕಿ, ಒಬ್ಬರೇ.

ಜುಲೈನಲ್ಲಿ, ಎಲ್ಲ ಮುಗಿದ ಮೂರನೆಯ ದಿನ ಇರಬೇಕು, ಅಡುಗೆಮನೆಯಲ್ಲಿ ಒಂದು ಮುಚ್ಚಳ ಬಿತ್ತು. ನಾನು ಕೂಗಿದೆ. ಈ ಮನೆಯಲ್ಲಿ ಇನ್ನು ಮೇಲೆ ಒಂದು ಸದ್ದೂ ಬೇಡ ಎಂದೆ. ಹಾಗೆ ಅಂದೆನೋ ಇಲ್ಲವೋ ಎಂದು ಇಷ್ಟು ಹೊತ್ತು ನನ್ನನ್ನೇ ಕೇಳಿಕೊಂಡೆ. ಅಂದಿದ್ದೆ.

ಮಾರ್ಚ್ ೨೯, ಶನಿವಾರ

ಈ ವಾರ ಶಿಬಿರವಿಲ್ಲ, ಇವತ್ತೊಂದು ದಿನ ರಜೆ ಹಾಕಿದೆ. ರೇಡಿಯೋಕ್ಕೆ ಹೊಸ ವಯರು ಹಾಕಿ, ಜೋರಾಗಿ ಹಚ್ಚಿ, ಅಡುಗೆಮನೆಯಲ್ಲಿಟ್ಟೆ. ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದು ಆರಿಸಿದರು. ನಿಮಗೆ ತೊಂದರೆಯಾಗುತ್ತದೆ ಎಂದರು. ಆಗುವುದಿಲ್ಲ ಎಂದೆ. ಕೆಲಸದಿಂದ ದಣಿದು ಬಂದಿರುತ್ತೀರಿ ಎಂದರು. ದಣಿದಿಲ್ಲ ಎಂದೆ. ಇಬ್ಬರೂ ರೇಡಿಯೋದ ಎರಡು ಪಕ್ಕ ನಿಂತಿದ್ದೆವು. ಕೊನೆಗೆ ನಾನೇ ಬಟ್ಟೆ ಒಣಹಾಕಲು ಹೋದೆ. ಅದು ನನ್ನ ಕೆಲಸವೂ ಅಲ್ಲ, ಬಟ್ಟೆಗಳು ಆಗಲೇ ಒಣಗಿದ್ದವು.

ಕಂಬಳಿಯ ತುಂಡನ್ನು ತೆಗೆದುಹಾಕಿದೆ. ಮಧ್ಯಾಹ್ನ ನೋಡಿದರೆ ಮತ್ತೆ ಹಾಸಿತ್ತು.

ಏಪ್ರಿಲ್ ೨, ಬುಧವಾರ

ಅತ್ತೆ ಟ್ರಂಕು ಕೆಳಗಿಳಿಸಿದ್ದಾರೆ. ಕರೆದಿದ್ದರೆ ನಾನು ಇಳಿಸಿಕೊಡುತ್ತಿದ್ದೆ. ಸದ್ದಿಲ್ಲದೆ ಹೇಗೆ ಇಳಿಸಿದರೋ.

ಏಪ್ರಿಲ್ ೪, ಶುಕ್ರವಾರ

ಕೊನೆಯ ಶಿಬಿರ. ನಾಳೆ ಬೆಳಿಗ್ಗೆ ಅಭ್ಯಾಸಕ್ಕೆ ಹೋಟೆಲಿನವರು ಮನೆಯಿಂದ ಒಬ್ಬರನ್ನು ಕರೆತರಬಹುದು ಎಂದು ಮ್ಯಾನೇಜರ್ ಹೇಳಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಅತ್ತೆಯನ್ನು ಕೇಳಿದೆ. ಸೀರೆಗಳನ್ನು ಮಡಿಸುತ್ತಿದ್ದರು.

"ನನಗೆ ಕೆಮ್ಮು ಇದೆಯಲ್ಲ ಅಳಿಯಂದ್ರೆ. ಅಲ್ಲಿ ಕೆಮ್ಮಬಾರ್ದು ಅಂತ ನೀವೇ ಹೇಳಿದ್ರಿ."

ಅವರಿಗೆ ಕೆಮ್ಮು ಇರುವುದು ನನಗೆ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದೆ. ಚಳಿಗಾಲದಿಂದ ಎಂದರು. ದಿಂಬಿಗೆ ಮುಖ ಒತ್ತಿ ಕೆಮ್ಮಿಕೊಳ್ಳುತ್ತಾರಂತೆ.

ಹೋಟೆಲಿಗೆ ಹಿಂತಿರುಗಿ ನೇರ ಚೆಲ್ಲೊದವರ ಹತ್ತಿರ ಹೋದೆ. ನಮ್ಮತ್ತೆ ಕೆಮ್ಮುತ್ತಾರೆ, ಕರೆತರಲೇ ಎಂದೆ. ಅವರು ತಂತಿ ಒರೆಸುತ್ತಿದ್ದರು. ಕೇಳುವವರು ಎಂದ ಮೇಲೆ ಕೆಮ್ಮುತ್ತಾರೆ, ಖಾಲಿ ಕುರ್ಚಿಗಳ ಮುಂದೆ ನಲವತ್ತು ವರ್ಷ ಅಭ್ಯಾಸ ಮಾಡಿದ್ದೇನೆ, ಅವು ಯಾವತ್ತೂ ಕೆಮ್ಮಿಲ್ಲ, ಏನು ಬಂತು ಎಂದರು. ಸಂಜೆ ಇದನ್ನು ಅತ್ತೆಗೆ ಹಾಗೆಯೇ ಒಪ್ಪಿಸಿದೆ. ಮಡಿಸಿಟ್ಟ ಸೀರೆಗಳ ಕಡೆ ತಿರುಗಿ, ಯಾವುದನ್ನು ಉಡಲಿ ಎಂದರು.

ಏಪ್ರಿಲ್ ೫, ಶನಿವಾರ

ಅತ್ತೆ ನೀಲಿ ಸೀರೆ ಉಟ್ಟು ಬಂದರು. ಹೊಸ ಚಪ್ಪಲಿ ಹಾಕಿಕೊಂಡಿದ್ದರು. ಹಾಲಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೇಲೆ ನೋಡಿದರು. ಆಳೆತ್ತರದ ಎಂಟು ಕಿಟಕಿಗಳಿಂದಲೂ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಇದನ್ನೆಲ್ಲ ನೀವೊಬ್ಬರೇ ನೋಡಿಕೊಳ್ಳುತ್ತೀರಾ ಎಂದು ಪಿಸುಗುಟ್ಟಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ ಉತ್ತರ ಕೊಡಲೂ ಮರೆತೆ. ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ನಾನು ನನ್ನ ಹಿಂಬಾಗಿಲಿಗೆ ಹೋದೆ.

ನಾಲ್ವರೂ ಕೂತರು. ಆ ಉಸಿರು ಬಂತು, ಕಮಾನುಗಳು ಇಳಿದವು. ನಾನು ವಾದ್ಯಗಾರರನ್ನು ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು, ಯಾರೋ ಏನೋ ಕೊಡುತ್ತಾರೆ ಎನ್ನುವ ಹಾಗೆ. ನಿಧಾನದ ಭಾಗದಲ್ಲಿ ಸಂಗೀತ ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ಹೋಯಿತು. ಇದೆಯೋ ನಿಂತಿತೋ ತಿಳಿಯದಷ್ಟು ಸಣ್ಣಗಾಯಿತು. ಮೂವತ್ತು ಜನ ಉಸಿರು ಬಿಗಿಹಿಡಿದಿದ್ದರು.

ಆಗ ಅತ್ತೆಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡರು. ತಡೆಯಲು ನೋಡಿದರು, ಮುಖ ಕೆಂಪಾಯಿತು, ಭುಜಗಳು ಕುಲುಕಿದವು. ಎದ್ದರು. ಚಪ್ಪಲಿ ಕಳಚಿ ಕೈಗೆತ್ತಿಕೊಂಡು, ಬಗ್ಗಿ, ಯಾರ ಕಣ್ಣಿಗೂ ಬೀಳದ ಹಾಗೆ ಹೊರಗೆ ಹೋಗತೊಡಗಿದರು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಹಾಲಿನ ಮಧ್ಯದಿಂದಲೇ ಬೂಟುಗಾಲಲ್ಲಿ ದಡದಡ ನಡೆದುಹೋದೆ.

"ಕೂತ್ಕೊಳ್ಳಿ ಅತ್ತೆ. ಕೆಮ್ಮಿ."

ನಾನು ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ಆ ಹಾಲನ್ನು ಅಷ್ಟು ಸುಮ್ಮನಾಗಿಸಿದವನು ನಾನೇ ಅಲ್ಲವೇ, ಎಂಟು ಕಿಟಕಿಗೂ ಕೇಳಿಸಿತು. ಮ್ಯಾನೇಜರ್ ತಲೆಗೆ ಕೈ ಹಚ್ಚಿದರು. ವಾದ್ಯಗಾರರು ಕಮಾನು ಎತ್ತಿ ನಿಲ್ಲಿಸಿದರು. ಅತ್ತೆ ನನ್ನನ್ನೇ ನೋಡಿದರು, ಕುರ್ಚಿಯಲ್ಲಿ ಕೂತರು, ಮನಸಾರೆ ಕೆಮ್ಮಿದರು. ಚಳಿಗಾಲದಿಂದ ದಿಂಬಿಗೆ ಒತ್ತಿಟ್ಟಿದ್ದ ಕೆಮ್ಮು. ನಾನು ನೀರು ತಂದುಕೊಟ್ಟೆ. ಚೆಲ್ಲೊದವರು ಕಾದು ಕೂತಿದ್ದರು, ಅವಸರವೇ ಇಲ್ಲ. ಅತ್ತೆ ಲೋಟ ಕೆಳಗಿಟ್ಟ ಮೇಲೆ ಅವರ ಕಡೆ ತಲೆಬಾಗಿ, ಮತ್ತೆ ಆ ಭಾಗದ ಮೊದಲಿನಿಂದ ಶುರು ಮಾಡಿದರು. ಎರಡನೇ ಸಲ ಅದು ಇನ್ನೂ ಚೆನ್ನಾಗಿತ್ತು. ನಾನು ಸುಳ್ಳು ಹೇಳುತ್ತಿಲ್ಲ.

ಬಿಡುವಿನಲ್ಲಿ ಅವರನ್ನು ಸ್ಕೂಟರಿನಲ್ಲಿ ಮನೆಗೆ ಬಿಡಲು ಹೊರಟೆ. ಹಿಂದಿನಿಂದ ಅವರು ಏನೋ ಹೇಳುತ್ತಲೇ ಇದ್ದರು, ಗಾಳಿಗೆ ಕೇಳಿಸುತ್ತಿರಲಿಲ್ಲ. ಒಂದು ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಆ ದಪ್ಪ ಮನುಷ್ಯ ಎಷ್ಟು ಮೃದುವಾಗಿ ನುಡಿಸುತ್ತಾರೆ ಎಂದು ಹೇಳುತ್ತಿದ್ದರು. ಕೇಳಿದೆ. ಆಮೇಲೆ, ಅವತ್ತು ಮುಚ್ಚಳ ಬಿದ್ದಾಗ ನಾನು ಕೂಗಾಡಿದ್ದು ತಪ್ಪಾಯಿತು ಎಂದೆ. ಅತ್ತೆ ನನ್ನ ಮುಖ ನೋಡಲಿಲ್ಲ, ರಸ್ತೆ ನೋಡುತ್ತ ಹೇಳಿದರು.

"ತಪ್ಪು ಅಂತ ನನಗೆ ಅನ್ನಿಸ್ಲೇ ಇಲ್ಲ. ಅವಳ ಸದ್ದೇ ನಿಂತ್ಮೇಲೆ ನನ್ನದ್ಯಾಕೆ ಅಂತ ನನಗೂ ಅನ್ನಿಸಿತ್ತು."

ಹೋಗಬೇಡಿ ಎಂದು ಆಗಲೇ ಹೇಳಬೇಕಾಗಿತ್ತು. ಕಿಕ್ ಹೊಡೆದು ಸ್ಕೂಟರ್ ಶುರು ಮಾಡಿದೆ. ಹೇಡಿ.

ಏಪ್ರಿಲ್ ೬, ಭಾನುವಾರ

ಶಿಬಿರ ಮುಗಿದು ಮನೆಗೆ ಬರುವಾಗ ನಾಲ್ಕು ಗಂಟೆ. ಭಾವಮೈದನ ಕಾರು ಬಾಗಿಲಲ್ಲಿತ್ತು, ಡಿಕ್ಕಿ ತೆರೆದಿತ್ತು, ಟ್ರಂಕು ಆಗಲೇ ಒಳಗಿತ್ತು. ಅತ್ತೆ ಅದೇ ನೀಲಿ ಸೀರೆಯಲ್ಲಿ ಕುರ್ಚಿಯ ಅಂಚಿಗೆ ಕೂತಿದ್ದರು. ನಾನು ಬರಲಿ ಎಂದು ಕಾಯುತ್ತಿದ್ದರಂತೆ.

ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದ ಮಾತುಗಳು ಹೊಸ್ತಿಲಲ್ಲೇ ಉದುರಿಹೋದವು. ನೀವು ಇಲ್ಲೇ ಇರಿ ಅತ್ತೆ ಎಂದೆ. ಭಾವಮೈದ ನನ್ನನ್ನು ನೋಡಿದ, ಅಮ್ಮನನ್ನು ನೋಡಿದ. ನನಗೆ ಅಡುಗೆಗೆ ಬೇಡ, ಮನೆ ಕಾಯುವುದಕ್ಕೂ ಬೇಡ, ಸುಮ್ಮನೆ ಇರಿ, ನೀವಿಲ್ಲದಿದ್ದರೆ ನನ್ನಿಂದ ಆಗುವುದಿಲ್ಲ ಎಂದೆ. ಇಷ್ಟು ಉದ್ದದ ಮಾತು ಜುಲೈನಿಂದ ಯಾರ ಹತ್ತಿರವೂ ಆಡಿರಲಿಲ್ಲ.

ಅತ್ತೆ ಬಳೆ ತಿರುಗಿಸುತ್ತ ಹೇಳಿದರು.

"ಇಲ್ಲಿ ಅವಳ ಮಾತೆತ್ತೋ ಹಾಗಿಲ್ಲ ಅಳಿಯಂದ್ರೆ. ಇವನ ಮನೇಲಿ ಮಕ್ಕಳಾದ್ರೂ ಅವಳ ವಿಷಯ ಆಡ್ತಾರೆ. ನನಗೆ ಅಷ್ಟಿದ್ರೆ ಸಾಕು, ಊಟ ಇಲ್ದಿದ್ರೂ ನಡೆಯುತ್ತೆ."

ಅದು ನಿಜ. ಈ ಪುಸ್ತಕದಲ್ಲೂ ನಾನು ಅವಳ ಬಗ್ಗೆ ಒಂದು ಸಾಲು ಬರೆದಿಲ್ಲ. ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ತಲೆ ಬಾಚುವಾಗ ಒಂದು ಸಾಲು ಗುನುಗುತ್ತಿದ್ದಳು, ಯಾವ ಹಾಡಿನದೋ ದೇವರಿಗೇ ಗೊತ್ತು, ಆ ಒಂದೇ ಸಾಲು, ದಿನಾ ಅದೇ, ದಿನಾ ಒಂದೇ ಕಡೆ ಸ್ವರ ಜಾರುತ್ತಿತ್ತು, ಅವಳಿಗೆ ಹಾಡಲು ಬರುತ್ತಿರಲಿಲ್ಲ ಎಂದೆ.

ಯಾರು ಹೇಳಿದ್ದು ಎಂದು ಅತ್ತೆ ನೆಟ್ಟಗೆ ಕೂತರು. ಅವಳು ಚೆನ್ನಾಗಿಯೇ ಹಾಡುತ್ತಿದ್ದಳಂತೆ. ಭಾವಮೈದ ನನ್ನ ಪಕ್ಷ ವಹಿಸಿದ. ಅಕ್ಕ ಹಾಡಲು ಶುರು ಮಾಡಿದರೆ ತಾನು ಮನೆ ಬಿಟ್ಟು ಓಡುತ್ತಿದ್ದೆ ಎಂದ. ನಿಮ್ಮಿಬ್ಬರಿಗೂ ಕಿವಿ ಸರಿಯಿಲ್ಲ ಎಂದು ಅತ್ತೆ ಇಬ್ಬರನ್ನೂ ಬೈದರು. ಜಾರುವುದೂ ಇಲ್ಲ, ಬೀಳುವುದೂ ಇಲ್ಲ, ಆ ಹಾಡು ಇರುವುದೇ ಹಾಗೆ, ಅವಳಿಗೆ ಕಲಿಸಿದ್ದೇ ತಾನು ಎಂದರು. ಬೇಕಾದರೆ ಕೇಳಿ ಎಂದು ಗಂಟಲು ಸರಿಮಾಡಿಕೊಂಡು ಹಾಡಿದರು.

ನನ್ನವಳು ಜಾರುತ್ತಿದ್ದ ಆ ಜಾಗದಲ್ಲೇ ಅತ್ತೆಯೂ ಜಾರಿದರು. ಅಷ್ಟೇ ಜಾರಿದರು, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ, ಆಮೇಲೆ ಅವಳ ಹಾಗೆಯೇ ಏನೂ ಆಗದವರಂತೆ ಮೇಲೆ ಹತ್ತಿದರು. ಭಾವಮೈದ ಗೋಡೆ ಹಿಡಿದುಕೊಂಡ. ನನ್ನ ಕಣ್ಣೀರು ಸುರಿಯುತ್ತಿದ್ದುದೂ ನನಗೆ ಗೊತ್ತಾಗಲಿಲ್ಲ.

"ಈಗ ಹೇಳಿ, ಸರಿಯಾಗೇ ಇದೆಯಲ್ಲ?" ಎಂದರು ಅತ್ತೆ.

"ಸರಿಯಾಗೇ ಇದೆ ಅತ್ತೆ," ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಟ್ರಂಕು ಒಳಗೆ ತಂದಿಡಪ್ಪ ಎಂದು ಮಗನಿಗೆ ಹೇಳಿದರು. ಅವನು ಕಾರಿನ ಕಡೆ ಹೋದ.